ಎಳೆಯುವ ತಂತಿ, ತಾಳುವ ಕವಚ

ಹೊಸೂರು ರಸ್ತೆಯಲ್ಲಿ ದಿನವೂ ಓಡಾಡುವ ಬೈಕ್ ಸವಾರರಿಗೆ ಇದು ಪರಿಚಿತ ಕಾಟ. ಎಲೆಕ್ಟ್ರಾನಿಕ್ ಸಿಟಿಯ ಬಳಿ ಯು-ಟರ್ನ್ ತೆಗೆದುಕೊಳ್ಳಲು ಹ್ಯಾಂಡಲನ್ನು ಪೂರ್ತಿ ತಿರುಗಿಸಿದ ಕೂಡಲೇ ಎಂಜಿನ್ ತಾನಾಗಿ ರೇಸ್ ಆಗುತ್ತದೆ. ಆಕ್ಸಿಲರೇಟರ್ ಹಿಡಿದ ಮುಷ್ಟಿ ಅಲುಗಿರುವುದಿಲ್ಲ. ಹ್ಯಾಂಡಲ್ ನೇರವಾದರೆ ಸದ್ದು ಮತ್ತೆ ತಗ್ಗುತ್ತದೆ. ಗಾಡಿಯನ್ನು ಮೆಕ್ಯಾನಿಕ್ ಬಳಿ ಒಯ್ದರೆ ಅವನು ಎಂಜಿನ್ ಕಡೆ ನೋಡುವುದೂ ಇಲ್ಲ. ಟ್ಯಾಂಕಿನ ಕೆಳಗೆ ಕೈ ಹಾಕಿ, ಎಲ್ಲೋ ಸಿಕ್ಕಿಕೊಂಡಿದ್ದ ಕೇಬಲನ್ನು ಬಿಡಿಸಿ, ಹಿಡಿಯ ಬಳಿಯ ಅಡ್ಜಸ್ಟರನ್ನು ಎರಡು ಸುತ್ತು ತಿರುಗಿಸಿ ಕಳಿಸುತ್ತಾನೆ. ಕಾಟ ನಿಂತಿರುತ್ತದೆ.

ಹ್ಯಾಂಡಲ್ ತಿರುಗಿದ್ದಕ್ಕೆ ಎಂಜಿನ್ ಯಾಕೆ ಓಗೊಟ್ಟಿತು? ಕಿಟ್ ತರಿಸಿಕೊಂಡು ಸ್ವಂತ ಕೈಯಿಂದ ವಿಮಾನ ಜೋಡಿಸುವವರು ಎಂಜಿನ್ನಿನ ಕೇಬಲ್‌ಗಳನ್ನು ಸಿಕ್ಕಿಸುವ ದಿನ ಎದುರಿಸುವುದು ಇದೇ ಪ್ರಶ್ನೆಯನ್ನು. ರಸ್ತೆಯಲ್ಲಿ ಎಂಜಿನ್ ರೇಸ್ ಆದರೆ ಬ್ರೇಕ್ ಹಿಡಿದು ಪಕ್ಕಕ್ಕೆ ನಿಲ್ಲಬಹುದು. ಆಕಾಶದಲ್ಲಿ ಪಕ್ಕ ಎಂಬುದಿಲ್ಲ. ಆದ್ದರಿಂದ ಮೆಕ್ಯಾನಿಕ್ ರೂಢಿಯ ಮೇಲೆ ಮಾಡಿಬಿಟ್ಟದ್ದನ್ನು ವಿಮಾನ ಕಟ್ಟುವವರು ಕಾರಣ ತಿಳಿದೇ ಮಾಡಬೇಕಾಗುತ್ತದೆ.

ಅರ್ಧ ಕೆಲಸ ಕವಚದ್ದು

ಕೇಬಲ್ ಎಂದರೆ ಒಳಗಿನ ತಂತಿ, ಅದರ ಮೇಲಿನ ಕಪ್ಪು ಕೊಳವೆ ಬರೀ ಹೊದಿಕೆ ಎಂದೇ ಹೆಚ್ಚಿನವರು ತಿಳಿದಿರುತ್ತಾರೆ. ಮಳೆ-ಧೂಳು ತಾಗದಿರಲಿ ಎಂದು ಹಾಕಿರಬಹುದು ಎಂಬ ಊಹೆ. ಅದು ತಪ್ಪು. ಕೊಳವೆಯನ್ನು ತೆಗೆದುಹಾಕಿ ಬರೀ ತಂತಿಯನ್ನು ಹಿಡಿಯಿಂದ, ಎಂಜಿನ್ನಿಗೆ ಗಾಳಿ-ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬ್ಯುರೇಟರ್‌ಗೆ ಕಟ್ಟಿ ಎಳೆದರೆ, ನಡುವಿನ ಬಾಗುಗಳೆಲ್ಲ ನೇರವಾಗುತ್ತವೆಯೇ ಹೊರತು ಆ ತುದಿ ಅಲುಗುವುದಿಲ್ಲ.

ಪೈಜಾಮದ ಲಾಡಿಯನ್ನು ನೆನೆಯಿರಿ. ಲಾಡಿಯ ಒಂದು ತುದಿ ಹೊಲಿಗೆಗೆ ಸಿಕ್ಕಿಕೊಂಡಿದ್ದಾಗ ಇನ್ನೊಂದನ್ನು ಎಳೆದರೆ ಅದನ್ನು ಸುತ್ತುವರಿದ ಬಟ್ಟೆ ನೆರಿಗೆ ನೆರಿಗೆಯಾಗಿ ಕುಗ್ಗುತ್ತದೆ. ಲಾಡಿ ಎಷ್ಟು ಬಲದಿಂದ ಬಿಗಿಯುತ್ತದೋ ಬಟ್ಟೆಯ ಮೇಲೆ ಅಷ್ಟೇ ಬಲದ ಒತ್ತಡ ಬೀಳುತ್ತದೆ. ಬಟ್ಟೆಗೆ ಅದನ್ನು ತಾಳುವ ಗಟ್ಟಿತನವಿಲ್ಲ, ಕುಗ್ಗಿಬಿಡುತ್ತದೆ. ಕೇಬಲ್ಲಿನ ಹೊರಕವಚ ಕುಗ್ಗದ ಹಾಗೆ ಮಾಡಿದ ಬಟ್ಟೆ. ಅದರೊಳಗೆ ಉಕ್ಕಿನ ಪಟ್ಟಿಯನ್ನು ಒಂದಕ್ಕೊಂದು ತಾಗುವಂತೆ ಒತ್ತೊತ್ತಾಗಿ ಸುರುಳಿ ಸುತ್ತಿರುತ್ತಾರೆ. ಸುರುಳಿಯಾದ್ದರಿಂದ ಅದು ಬಾಗುತ್ತದೆ. ಸುತ್ತುಗಳ ನಡುವೆ ಸಂದಿಲ್ಲವಾದ್ದರಿಂದ ಉದ್ದದಲ್ಲಿ ಕುಗ್ಗಲಾರದು. ಮೇಲೆ ಪ್ಲಾಸ್ಟಿಕ್ ಹೊದಿಕೆ, ಒಳಗೆ ತಂತಿ ಜಾರಲು ನುಣುಪಾದ ಇನ್ನೊಂದು ಪ್ಲಾಸ್ಟಿಕ್ ಪದರ.

ತಂತಿ ಎಳೆಯುತ್ತದೆ, ಕವಚ ಅಷ್ಟೇ ಬಲವನ್ನು ತಾಳುತ್ತದೆ. ಆಚೆ ತುದಿಗೆ ತಲುಪುವುದು ತಂತಿ ಎಷ್ಟು ಸರಿಯಿತು ಎಂಬುದಲ್ಲ, ಕವಚದ ತುದಿಗೆ ಹೋಲಿಸಿದರೆ ತಂತಿ ಎಷ್ಟು ಸರಿಯಿತು ಎಂಬುದು. ಇಡೀ ಅಧ್ಯಾಯ ನಿಂತಿರುವುದು ಈ ಒಂದು ಮಾತಿನ ಮೇಲೆ. ತಂತಿಯನ್ನು ಮುಟ್ಟದೆ ಕವಚದ ತುದಿಯನ್ನು ಮೂರು ಮಿಲಿಮೀಟರ್ ಸರಿಸಿದರೂ ಕಾರ್ಬ್ಯುರೇಟರ್‌ಗೆ ಅದು ತಂತಿ ಎಳೆದಂತೆಯೇ.

ಬೈಕಿನ ಒಗಟು ಇಲ್ಲಿಗೆ ಬಿಡಿಸಿದಂತಾಯಿತು. ಟ್ಯಾಂಕಿನ ಕೆಳಗೆ ಸಿಕ್ಕಿಕೊಂಡ ಕವಚಕ್ಕೆ ಹ್ಯಾಂಡಲಿನ ಜೊತೆ ಬರುವಷ್ಟು ಉದ್ದ ಉಳಿದಿರಲಿಲ್ಲ. ಹ್ಯಾಂಡಲ್ ತಿರುಗಿದಾಗ ಅದರ ತುದಿ ತಾನು ಕೂರುವ ಕುಳಿಯಿಂದ ತುಸು ಹೊರಬಂತು. ತಂತಿಯ ದಾರಿ ಅಷ್ಟು ಉದ್ದವಾಯಿತು, ತಂತಿ ಮಾತ್ರ ಇದ್ದಷ್ಟೇ ಇತ್ತು, ಹಾಗಾಗಿ ಕಾರ್ಬ್ಯುರೇಟರ್ ತೆರೆಯಿತು. ಮೆಕ್ಯಾನಿಕ್ ಕವಚಕ್ಕೆ ದಾರಿ ಬಿಡಿಸಿಕೊಟ್ಟ, ತಂತಿಗೆ ಎರಡು-ಮೂರು ಮಿಲಿಮೀಟರ್ ಸಡಿಲ ಕೊಟ್ಟ.

ಈ ಉಪಾಯಕ್ಕೆ 1896ರಲ್ಲಿ ಪೇಟೆಂಟ್ ಪಡೆದವರು ಐರ್ಲೆಂಡಿನ ಅರ್ನೆಸ್ಟ್ ಮಾನಿಂಗ್ಟನ್ ಬೌಡನ್. ಇವತ್ತಿಗೂ ಇದು ಜಗತ್ತಿನೆಲ್ಲೆಡೆ ಬೌಡನ್ ಕೇಬಲ್ ಎಂದೇ ಹೆಸರಾಗಿದೆ. ರ‍್ಯಾಲೆ ಸೈಕಲ್ ಕಂಪನಿಯ ಫ್ರಾಂಕ್ ಬೌಡನ್ ಅವರಿಗೆ ಇದರ ಕೀರ್ತಿಯನ್ನು ಕೊಡುವವರು ಹಲವರಿದ್ದಾರೆ, ಆದರೆ ಅವರು ಬೇರೆ ಬೌಡನ್. ಸೈಕಲ್ ಬ್ರೇಕಿನಲ್ಲಿ ಬೇರೂರಿದ ಕೇಬಲ್ ಮೋಟಾರ್‌ಬೈಕಿಗೆ ಬಂತು, ಅಲ್ಲಿಂದ ವಿಮಾನಕ್ಕೆ ಹತ್ತಿತು.

ಬೊಮ್ಮಸಂದ್ರದಿಂದ ಬೆಳಗೊಂಡಪಳ್ಳಿಗೆ

ಈ ಕಥೆಯನ್ನು ಹೇಳಲು ಬೆಂಗಳೂರಿನ ಹೊರವಲಯಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ. ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಸಿಗುವ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದಲ್ಲಿ ಸುಪ್ರಜಿತ್ ಎಂಜಿನಿಯರಿಂಗ್ ಇದೆ. 1985ರಲ್ಲಿ ಕೆ. ಅಜಿತ್ ಕುಮಾರ್ ರೈ ಅವರು ಕಟ್ಟಿದ ಈ ಕಂಪನಿ ದ್ವಿಚಕ್ರ ವಾಹನಗಳ ಕೇಬಲ್ ತಯಾರಿಸುತ್ತ ಬೆಳೆದು, 2016ರಲ್ಲಿ ಅಮೆರಿಕದ ವಿಚಿಟಾ ನಗರದ ವೆಸ್ಕಾನ್ ಕಂಟ್ರೋಲ್ಸ್ ಎಂಬ ಕೇಬಲ್ ಕಂಪನಿಯನ್ನೇ ಕೊಂಡಿತು. ನಮ್ಮ ಬೀದಿಗಳ ಬೈಕು-ಸ್ಕೂಟರುಗಳಲ್ಲಿ ಬ್ರೇಕು, ಕ್ಲಚ್ಚು, ಆಕ್ಸಿಲರೇಟರ್ ಹಿಡಿದಾಗ ಎಳೆಯುವ ತಂತಿ ಬೊಮ್ಮಸಂದ್ರದ್ದಾಗಿರುವ ಸಂಭವ ದೊಡ್ಡದು.

ಅದೇ ಹೆದ್ದಾರಿಯಲ್ಲಿ ಮುಂದೆ ಹೋಗಿ ಹೊಸೂರಿನಿಂದ ಒಳಕ್ಕೆ ತಿರುಗಿದರೆ ಬೆಳಗೊಂಡಪಳ್ಳಿ. ಅಲ್ಲಿ ತನೇಜಾ ಏರೋಸ್ಪೇಸ್ ಕಂಪನಿಯ ಸ್ವಂತ ವಿಮಾನದಾರಿಯಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಎಂದರೆ ಎನ್ಎಎಲ್, ವಿನ್ಯಾಸ ಮಾಡಿದ ಎರಡು ಆಸನಗಳ 'ಹಂಸ' ವಿಮಾನಗಳು ತಯಾರಾದದ್ದು ಅಲ್ಲಿ. ಹಂಸ ಮೊದಲು ಹಾರಿದ್ದು 1993ರಲ್ಲಿ. ಹಂಸ-3 ಮಾದರಿಗೆ 2000ದಲ್ಲಿ ವಿಮಾನಯಾನ ಮಹಾನಿರ್ದೇಶನಾಲಯದ ಪ್ರಮಾಣಪತ್ರ ಸಿಕ್ಕಿತು.

ಹಂಸ ಮನೆಯಲ್ಲಿ ಕಟ್ಟುವ ವಿಮಾನವಲ್ಲ, ನಿಜ. ಆದರೆ ಅದರ ಹಿಂದೆ ಅಂಥದ್ದೊಂದು ವಿಮಾನ ನಿಂತಿದೆ. ಅಮೆರಿಕದ ಬರ್ಟ್ ರುಟಾನ್ ಹವ್ಯಾಸಿಗಳಿಗಾಗಿಯೇ ಲಾಂಗ್-ಈಝೀ ಎಂಬ ವಿಮಾನದ ನಕ್ಷೆಗಳನ್ನು ಮಾರುತ್ತಿದ್ದರು. ಫೋಮನ್ನು ಬೇಕಾದ ಆಕಾರಕ್ಕೆ ಕೊಯ್ದು, ಮೇಲೆ ಗಾಜಿನ ನಾರಿನ ಬಟ್ಟೆಯನ್ನು ರಾಳದಲ್ಲಿ ಅದ್ದಿ ಹೊದಿಸಿ, ಗ್ಯಾರೇಜಿನಲ್ಲೇ ಕಟ್ಟಬಹುದಾದ ವಿಮಾನ ಅದು. ಎನ್ಎಎಲ್ ಅದೇ ವಿನ್ಯಾಸವನ್ನು ಆಧರಿಸಿ ಒಂದು ಸಂಶೋಧನಾ ವಿಮಾನವನ್ನು ಕಟ್ಟಿ 1987ರಲ್ಲಿ ಹಾರಿಸಿತು. ದೇಶದ ದೊಡ್ಡ ಪ್ರಯೋಗಾಲಯವೊಂದು ಹವ್ಯಾಸಿಗಳ ನಕ್ಷೆಯಿಂದ ಕಲಿಯಲು ಹಿಂಜರಿಯಲಿಲ್ಲ ಎಂಬುದು ಬೆಂಗಳೂರಿಗೆ ಹೆಮ್ಮೆಯ ವಿಷಯ.

ಹವ್ಯಾಸಿಗಳಿಗೆ ಬೆಂಗಳೂರು ತಿರುಗಿ ಕೊಟ್ಟದ್ದೂ ಇದೆ. 1980ರಲ್ಲಿ ಜೋಯೆಲ್ ಕೋಕ್ಲಿನ್ ಇಲ್ಲಿ ಸ್ಥಾಪಿಸಿದ ರಾಜ್ ಹಂಸ ಅಲ್ಟ್ರಾಲೈಟ್ಸ್ ಕಂಪನಿ ಎಕ್ಸ್-ಏರ್ ಎಂಬ ಹಗುರ ವಿಮಾನವನ್ನು ರೂಪಿಸಿತು. ಅಲ್ಯೂಮಿನಿಯಂ ಕೊಳವೆಗಳನ್ನು ಬೋಲ್ಟಿನಿಂದ ಬಿಗಿದ ಹಂದರ, ಮೇಲೆ ಡೇಕ್ರಾನ್ ಬಟ್ಟೆ. ಇದು ಬಿಡಿಭಾಗಗಳ ಕಿಟ್ ಆಗಿ ಬ್ರಿಟನ್, ಫ್ರಾನ್ಸ್ ಮುಂತಾದ ಕಡೆ ಹೋಯಿತು. ಕೊಂಡವರು ಪೆಟ್ಟಿಗೆ ಬಿಚ್ಚಿ ತಮ್ಮ ಶೆಡ್ಡುಗಳಲ್ಲಿ ಜೋಡಿಸಿದರು. ರೆಕ್ಕೆ, ಬಾಲ, ಚಕ್ರ ಎಲ್ಲ ಕೂಡಿದ ಮೇಲೆ ಅವರ ಕೈಗೆ ಬರುವುದು ಕಪ್ಪು ಕೇಬಲ್ಲುಗಳು.

ಅಲುಗುವ ಎಂಜಿನ್

ವಿಮಾನದ ಎಂಜಿನ್ ಹಂದರಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದಿಲ್ಲ. ನಡುವೆ ರಬ್ಬರ್ ಬಿಲ್ಲೆಗಳಿರುತ್ತವೆ. ಇಲ್ಲದಿದ್ದರೆ ಅದರ ನಡುಕ ಇಡೀ ವಿಮಾನವನ್ನು ಸಡಿಲಗೊಳಿಸುತ್ತದೆ. ಓಡುವಾಗ ಎಂಜಿನ್ ಸಣ್ಣದಾಗಿ ನಡುಗುತ್ತದೆ, ಆದರೆ ಶುರುವಾಗುವಾಗ ಮತ್ತು ನಿಲ್ಲುವಾಗ ಚೆನ್ನಾಗಿಯೇ ಕುಲುಕುತ್ತದೆ.

ಹೊಸಬರು ಇಲ್ಲಿ ಎಡವುವುದು ಸಹಜ. ಎಂಜಿನ್ ಮತ್ತು ಪೈಲಟ್ ನಡುವೆ ಬೆಂಕಿ ತಡೆಯಲು ಲೋಹದ ತಗಡಿನ ಗೋಡೆ ಇರುತ್ತದೆ. ಕೇಬಲ್ ಅದನ್ನು ತೂರಿಯೇ ಹೋಗಬೇಕು. ಕವಚವನ್ನು ಆ ಗೋಡೆಗೇ ಬಿಗಿದು, ಅಲ್ಲಿಂದಾಚೆ ಬರೀ ತಂತಿಯನ್ನು ಕಾರ್ಬ್ಯುರೇಟರನ್ನು ತೆರೆದು ಮುಚ್ಚುವ ತೋಳಿಗೆ ಸಿಕ್ಕಿಸಿದರೆ ಕೆಲಸ ಬೇಗ ಮುಗಿಯುತ್ತದೆ, ನೋಡಲೂ ಚೊಕ್ಕಟ. ನಿಂತ ಎಂಜಿನ್ನಿನಲ್ಲಿ, ಬಲ ಏರಿಳಿಸಲು ಪೈಲಟ್ ಹಿಡಿಯುವ ಲಿವರ್ ಸರಾಗವಾಗಿ ಆಡುತ್ತದೆ. ಆದರೆ ಕವಚದ ತುದಿ ಈಗ ವಿಮಾನದ ಮೈಗೆ ಸೇರಿದೆ, ಕಾರ್ಬ್ಯುರೇಟರ್ ಎಂಜಿನ್ನಿಗೆ ಸೇರಿದೆ. ಎಂಜಿನ್ ರಬ್ಬರಿನ ಮೇಲೆ ಐದು ಮಿಲಿಮೀಟರ್ ಮುಂದಕ್ಕೆ ವಾಲಿದರೆ ಕಾರ್ಬ್ಯುರೇಟರಿಗೆ ಅದು ಪೈಲಟ್ ತಂತಿಯನ್ನು ಐದು ಮಿಲಿಮೀಟರ್ ಎಳೆದಂತೆ. ಪೈಲಟ್ ಲಿವರನ್ನು ಮುಟ್ಟಿರುವುದೇ ಇಲ್ಲ.

ಆದ್ದರಿಂದ ಕವಚದ ಕೊನೆಯ ತುದಿಯನ್ನು ಹಿಡಿಯುವ ಬ್ರಾಕೆಟ್ ಎಂಜಿನ್ನಿನ ಮೇಲೆಯೇ ಇರಬೇಕು, ಕಾರ್ಬ್ಯುರೇಟರಿನ ಜೊತೆಗೆ ಅಲುಗಬೇಕು. ಈ ಕಡೆಯ ತುದಿ ಲಿವರಿನ ಪೆಟ್ಟಿಗೆಗೆ ಬಿಗಿಯಾಗಿರಬೇಕು. ನಡುವೆ, ಗೋಡೆಗೂ ಎಂಜಿನ್ನಿಗೂ ಮಧ್ಯೆ, ಕೇಬಲ್ ಧಾರಾಳವಾಗಿ ಒಂದು ಬಾಗು ತೆಗೆದುಕೊಳ್ಳಬೇಕು. ಎಂಜಿನ್ ಕುಲುಕಿದಾಗ ಆ ಬಾಗು ಹಿಗ್ಗಿ ಕುಗ್ಗುತ್ತದೆ, ಕವಚ-ತಂತಿ ಜೊತೆಯಲ್ಲೇ ಬಾಗುತ್ತವೆ, ಒಂದಕ್ಕೊಂದು ಹೋಲಿಸಿದರೆ ಅವು ಸರಿಯುವುದಿಲ್ಲ. ಕಾರ್ಬ್ಯುರೇಟರಿಗೆ ಕುಲುಕಾಟದ ಸುದ್ದಿಯೇ ತಲುಪುವುದಿಲ್ಲ.

ಆ ಬಾಗು ಎಲ್ಲಿ ಬೇಕಾದರೂ ತೂಗಾಡುವಂತಿಲ್ಲ. ಸೈಲೆನ್ಸರ್ ಕೊಳವೆಯ ಹತ್ತಿರ ಬಂದರೆ ಒಳಗಿನ ಪ್ಲಾಸ್ಟಿಕ್ ಪದರ ಮೆತ್ತಗಾಗಿ ತಂತಿಯನ್ನು ಕಚ್ಚಿ ಹಿಡಿಯುತ್ತದೆ. ತೂರಿಬಂದ ಗೋಡೆಯ ತೂತಿಗೂ ಬೆಂಕಿ ತಾಳುವ ಮುಚ್ಚಿಗೆ ಬೇಕು.

ತಿರುವುಗಳ ಲೆಕ್ಕ

ತಂತಿ ಎಳೆದಾಗ ಅದು ಪ್ರತಿ ತಿರುವಿನಲ್ಲೂ ಕವಚದ ಒಳಬದಿಗೆ ಒತ್ತಿಕೊಂಡು ಉಜ್ಜುತ್ತದೆ. ಒಂದು ಲಂಬ ತಿರುವಿನಲ್ಲಿ ಎಳೆತದ ಐದನೇ ಒಂದು ಪಾಲು ಉಜ್ಜಾಟಕ್ಕೆ ಹೋಯಿತು ಎಂದಿಟ್ಟುಕೊಳ್ಳಿ. ಹತ್ತು ಕಿಲೋದ ಎಳೆತ ಮೊದಲ ತಿರುವಿನಾಚೆ ಎಂಟಾಗುತ್ತದೆ, ಎರಡನೆಯದರಲ್ಲಿ 6.4, ಮೂರರಲ್ಲಿ ಸುಮಾರು 5.1, ನಾಲ್ಕರಲ್ಲಿ ನಾಲ್ಕು ಕಿಲೋ ಚಿಲ್ಲರೆ. ನಾಲ್ಕು ತಿರುವಿಗೆ ಅರ್ಧಕ್ಕಿಂತ ಹೆಚ್ಚು ಬಲ ಸೋರಿತು. ಅಚ್ಚರಿಯೆಂದರೆ, ಈ ಲೆಕ್ಕದಲ್ಲಿ ತಿರುವು ದೊಡ್ಡದೋ ಸಣ್ಣದೋ ಎಂಬ ಪ್ರಶ್ನೆಯೇ ಬರುವುದಿಲ್ಲ. ಒಟ್ಟು ಎಷ್ಟು ಕೋನ ತಿರುಗಿತು ಎಂಬುದಷ್ಟೇ ಮುಖ್ಯ. ಅಗಲವಾಗಿ ಸುತ್ತಿದರೂ ಲಂಬಕೋನ ಲಂಬಕೋನವೇ. ಹಾಗಂತ ಮುದುಡಿ ತಿರುಗಿಸುವಂತಿಲ್ಲ. ಬಿಗಿ ತಿರುವಿನಲ್ಲಿ ತಂತಿಯ ಎಳೆಗಳು ಪ್ರತಿ ಸಲವೂ ಹೆಚ್ಚು ಬಾಗಿ, ದಣಿದು, ಒಂದೊಂದಾಗಿ ತುಂಡಾಗುತ್ತವೆ.

ಕೇಬಲ್ ಉದ್ದವಾದಷ್ಟೂ ಈ ಎಚ್ಚರ ಹೆಚ್ಚು ಬೇಕು. ಲಾಂಗ್-ಈಝೀಯಲ್ಲಿ ಪೈಲಟ್ ಕೂರುವುದು ಮುಂದೆ, ಎಂಜಿನ್ ಇರುವುದು ತೀರಾ ಹಿಂದೆ. ಕೇಬಲ್ಲುಗಳು ಪೈಲಟ್ಟನ್ನೂ ಹಿಂದಿನ ಸೀಟನ್ನೂ ದಾಟಿ ಹೋಗಬೇಕು. ನಕ್ಷೆ ಕೊಟ್ಟ ದಾರಿ ಬಿಟ್ಟು ಬೇರೆ ದಾರಿ ಹಿಡಿಯುವ ಆಸೆ ಕಟ್ಟುವವರಿಗೆ ಬರುವುದು ಇಂಥಲ್ಲೇ. ಅದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಗಾಯಕ ಜಾನ್ ಡೆನ್ವರ್ ಅವರ ಸಾವು ಸಾಕ್ಷಿ. 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಗೆ ಬಿದ್ದ ಅವರ ವಿಮಾನ ಬೇರೊಬ್ಬರು ಕಟ್ಟಿದ ಲಾಂಗ್-ಈಝೀ, ಡೆನ್ವರ್ ಅದನ್ನು ಹೊಸದಾಗಿ ಕೊಂಡಿದ್ದರು. ಒಂದು ಪೆಟ್ರೋಲ್ ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಿಸುವ ಹಿಡಿ ನಕ್ಷೆಯಲ್ಲಿದ್ದ ಜಾಗದಲ್ಲಿರಲಿಲ್ಲ, ಪೈಲಟ್ಟಿನ ಎಡಭುಜದ ಹಿಂದಿತ್ತು. ಅದನ್ನು ತಿರುಗಿಸಲು ಮೈ ಹೊರಳಿಸುವಾಗ ಅವರು ತಿಳಿಯದೆ ಬಲಗಾಲಿನ ಪೆಡಲ್ ಒತ್ತಿದರು, ವಿಮಾನ ಹತೋಟಿ ತಪ್ಪಿತು ಎಂದು ತನಿಖೆ ನಿರ್ಧರಿಸಿತು. ಅಲ್ಲಿ ಕೇಬಲ್ ತುಂಡಾಗಿರಲಿಲ್ಲ, ಎಂಜಿನ್ ಕೆಟ್ಟಿರಲಿಲ್ಲ. ಹಿಡಿ ಇದ್ದ ಜಾಗ ಸರಿಯಿರಲಿಲ್ಲ.

ತಂತಿ ತುಂಡಾದರೆ

ಬೌಡನ್ ಕೇಬಲ್ ಎಳೆಯಬಲ್ಲದು, ತಳ್ಳಲಾರದು. ಬಳ್ಳಿಯಂಥ ತಂತಿಯನ್ನು ತಳ್ಳಿದರೆ ಅದು ಮಡಚಿಕೊಳ್ಳುತ್ತದೆ. ಹಾಗಾಗಿ ಕಾರ್ಬ್ಯುರೇಟರಿನಲ್ಲಿ ಯಾವಾಗಲೂ ಒಂದು ಸ್ಪ್ರಿಂಗ್ ಎದುರು ದಿಕ್ಕಿಗೆ ಎಳೆಯುತ್ತಿರುತ್ತದೆ. ತಂತಿ ತುಂಡಾದ ಕ್ಷಣದಲ್ಲಿ ಎಂಜಿನ್ ಏನು ಮಾಡಬೇಕೆಂದು ತೀರ್ಮಾನಿಸುವುದು ಆ ಸ್ಪ್ರಿಂಗ್.

ಬೈಕಿನಲ್ಲಿ ಸ್ಪ್ರಿಂಗ್ ಕಾರ್ಬ್ಯುರೇಟರನ್ನು ಮುಚ್ಚುತ್ತದೆ. ತಂತಿ ಕಿತ್ತರೆ ಎಂಜಿನ್ ಐಡಲಿಗೆ ಇಳಿಯುತ್ತದೆ, ಸವಾರ ಗಾಡಿ ತಳ್ಳಿಕೊಂಡು ಹೋಗುತ್ತಾನೆ. ಎಕ್ಸ್-ಏರ್ ವಿಮಾನಗಳಲ್ಲಿ ಹಲವಕ್ಕೆ ಕೂರಿಸಿದ ರೋಟಾಕ್ಸ್ 582 ಎಂಬ ಟೂ-ಸ್ಟ್ರೋಕ್ ಎಂಜಿನ್ನಿನದೂ ಇದೇ ಬಗೆ. ಅದರ ಬಿಂಗ್ ಕಾರ್ಬ್ಯುರೇಟರಿನಲ್ಲಿ ಸ್ಪ್ರಿಂಗ್ ಜಾರುಮುಚ್ಚಳವನ್ನು ಕೆಳಕ್ಕೆ ಒತ್ತಿ ಮುಚ್ಚುತ್ತದೆ, ತಂತಿ ಅದನ್ನು ಮೇಲಕ್ಕೆ ಎಳೆದು ತೆರೆಯುತ್ತದೆ.

ಆದರೆ ನೆಲ ಬಿಟ್ಟು ಇನ್ನೂರು ಅಡಿ ಏರಿದ ವಿಮಾನಕ್ಕೆ ಎಂಜಿನ್ ಐಡಲಿಗೆ ಇಳಿಯುವುದು ಬೇಕೇ? ಕೆಳಗೆ ಮನೆಗಳು, ಮುಂದೆ ಮರಗಳು. ಅದಕ್ಕೇ ಫೋರ್-ಸ್ಟ್ರೋಕ್ ರೋಟಾಕ್ಸ್ 912ರಲ್ಲಿ ಸ್ಪ್ರಿಂಗಿನ ದಿಕ್ಕು ತಿರುಗಿಹೋಗಿದೆ. ಅಲ್ಲಿ ಸ್ಪ್ರಿಂಗ್ ಕಾರ್ಬ್ಯುರೇಟರನ್ನು ಪೂರ್ತಿ ತೆರೆಯುತ್ತದೆ, ಪೈಲಟ್ಟಿನ ತಂತಿ ಅದನ್ನು ಮುಚ್ಚಲು ಎಳೆಯುತ್ತದೆ. ತಂತಿ ತುಂಡಾದರೆ ಎಂಜಿನ್ ಪೂರ್ತಿ ಬಲದಲ್ಲಿ ಓಡುತ್ತದೆ. ಪೈಲಟ್ ಎತ್ತರಕ್ಕೆ ಏರಿ, ವಿಮಾನದಾರಿಯ ಹತ್ತಿರ ಬಂದು, ಇಗ್ನಿಷನ್ ಆರಿಸಿ ತೇಲಿಕೊಂಡು ಇಳಿಯಬಹುದು. ಅಮೆರಿಕದ ಸಣ್ಣ ವಿಮಾನಗಳ ನಿಯಮಾವಳಿಯೂ ಒಂಟಿ ಎಂಜಿನ್ನಿನ ವಿಮಾನಗಳಿಗೆ ಇದನ್ನೇ ಕೇಳುತ್ತಿತ್ತು: ಎಂಜಿನ್ ಬದಿಯಲ್ಲಿ ಕೇಬಲ್ ಕಳಚಿಹೋದರೂ ವಿಮಾನ ಸುರಕ್ಷಿತವಾಗಿ ಹಾರಿ ಇಳಿಯುವಂತಿರಬೇಕು.

ಈ ದಿಕ್ಕು ಲಿವರಿನ ಜೋಡಣೆಯನ್ನೂ ಬದಲಿಸುತ್ತದೆ. ವಿಮಾನ ಯಾವುದಾದರೂ ಲಿವರ್ ಮುಂದೆ ದೂಡಿದರೆ ಬಲ ಹೆಚ್ಚಬೇಕು, ಹಿಂದಕ್ಕೆಳೆದರೆ ಇಳಿಯಬೇಕು. ಎಂಜಿನ್ ಮುಂದಿದೆ, ಕೇಬಲ್ ಮುಂದಕ್ಕೆ ಹೋಗುತ್ತದೆ ಎಂದಿಟ್ಟುಕೊಳ್ಳಿ. 912ರಲ್ಲಿ ಲಿವರ್ ಹಿಂದಕ್ಕೆ ಬಂದಾಗ ತಂತಿ ಎಳೆಯಬೇಕಾದ್ದರಿಂದ ಅದನ್ನು ಲಿವರಿನ ಕೀಲಿನ ಮೇಲೆ ಸಿಕ್ಕಿಸಬೇಕು. 582ರಲ್ಲಿ ಲಿವರ್ ಮುಂದೆ ಹೋದಾಗ ತಂತಿ ಎಳೆಯಬೇಕು. ಲಿವರಿನ ತಲೆ ಮುಂದೆ ಹೋದಾಗ ಹಿಂದಕ್ಕೆ ಬರುವುದು ಕೀಲಿನ ಕೆಳಗಿನ ಭಾಗ, ಹಾಗಾಗಿ ತಂತಿ ಅಲ್ಲಿಗೆ. ಎಕ್ಸ್-ಏರ್ ಮಾದರಿಗಳಲ್ಲಿ ಎರಡೂ ಬಗೆಯ ಎಂಜಿನ್‌ಗಳು ಬಂದಿವೆ. ಒಂದರಿಂದ ಕಲಿತ ಜೋಡಣೆಯನ್ನು ಇನ್ನೊಂದಕ್ಕೆ ಕಣ್ಣು ಮುಚ್ಚಿ ಒಯ್ದರೆ ಲಿವರ್ ಉಲ್ಟಾ ಕೆಲಸ ಮಾಡುತ್ತದೆ.

912ರ ಸ್ಪ್ರಿಂಗ್ ಸದಾ ತೆರೆಯಲು ಎಳೆಯುವುದರಿಂದ ಇನ್ನೊಂದು ತೊಡಕೂ ಇದೆ. ಪೈಲಟ್ ಕೈ ಬಿಟ್ಟರೆ ಲಿವರ್ ತಾನಾಗಿ ಮೆಲ್ಲಗೆ ಮುಂದೆ ಸರಿಯಬಹುದು. ಅದನ್ನು ಇಟ್ಟ ಜಾಗದಲ್ಲಿ ನಿಲ್ಲಿಸಲು ಲಿವರಿನ ಕೀಲಿನಲ್ಲಿ ಬಿಗಿತ ಹೊಂದಿಸುವ ತಿರುಪು ಬೇಕಾಗುತ್ತದೆ.

ಎರಡು ಕಾರ್ಬ್ಯುರೇಟರ್, ಒಂದು ಲಿವರ್

ಕಾರ್ಬ್ಯುರೇಟರ್ ಇರುವ 912ರಲ್ಲಿ ನಾಲ್ಕು ಸಿಲಿಂಡರ್, ಎಡಕ್ಕೊಂದು ಬಲಕ್ಕೊಂದು ಕಾರ್ಬ್ಯುರೇಟರ್. ಒಂದೇ ಲಿವರಿನಿಂದ ಎರಡು ಕೇಬಲ್ ಹೊರಡುತ್ತವೆ. ಒಂದು ಬದಿಯ ಕವಚ ಕುಳಿಯಲ್ಲಿ ಒಂದೇ ಒಂದು ಮಿಲಿಮೀಟರ್ ಸರಿಯಾಗಿ ಕೂರದಿದ್ದರೂ ಆ ಬದಿಯ ಎರಡು ಸಿಲಿಂಡರ್ ಕಡಿಮೆ ಉಣ್ಣುತ್ತವೆ, ಇನ್ನೆರಡು ಹೆಚ್ಚು. ಪೂರ್ತಿ ಬಲದಲ್ಲಿ ಇದು ಗೊತ್ತಾಗುವುದು ಕಷ್ಟ. ಐಡಲಿನಲ್ಲಿ, ತೆರೆದಿರುವುದೇ ಕೂದಲೆಳೆಯಷ್ಟು ಇರುವಾಗ, ಎರಡು ಬದಿಗಳ ವ್ಯತ್ಯಾಸ ಎದ್ದು ಕಾಣುತ್ತದೆ. ಎಂಜಿನ್ ಕುಂಟುತ್ತದೆ, ಆ ನಡುಕ ಪ್ರೊಪೆಲ್ಲರ್ ತಿರುಗಿಸುವ ಗೇರ್‌ಬಾಕ್ಸನ್ನು ಸವೆಸುತ್ತದೆ.

ಹೊಂದಿಸುವುದು ಎರಡು ಹಂತದಲ್ಲಿ. ಮೊದಲು ಎಂಜಿನ್ ನಿಲ್ಲಿಸಿ, ಎರಡೂ ತೋಳುಗಳು ಒಟ್ಟಿಗೇ ತಡೆಯನ್ನು ತಾಗುವಂತೆ ಅಡ್ಜಸ್ಟರ್ ತಿರುಗಿಸುತ್ತಾರೆ. ಆಮೇಲೆ ಎರಡೂ ಬದಿಯ ಸೇವನಾ ಕೊಳವೆಗಳಿಗೆ ನಿರ್ವಾತ ಮಾಪಕ ಜೋಡಿಸಿ ಎಂಜಿನ್ ಓಡಿಸುತ್ತಾರೆ, ಎರಡು ಮುಳ್ಳುಗಳೂ ಒಂದೇ ಅಂಕಿ ತೋರಿಸುವವರೆಗೆ ತಿದ್ದುತ್ತಾರೆ. ಅಡ್ಜಸ್ಟರ್ ತಿರುಗಿಸಿದಾಗ ತಂತಿಯ ಉದ್ದ ಬದಲಾಗುವುದಿಲ್ಲ ಎಂಬುದನ್ನು ಗಮನಿಸಬೇಕು. ಕವಚದ ತುದಿ ಮುಂದೆ-ಹಿಂದೆ ಸರಿಯುತ್ತದೆ, ಅಷ್ಟೇ. 2021ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿದ ಎನ್ಎಎಲ್‌ನ ಹಂಸ-ಎನ್‌ಜಿ ವಿಮಾನದಲ್ಲಿರುವ 912 ಐಎಸ್ ಎಂಜಿನ್ನಿಗೆ ಈ ತಾಪತ್ರಯವಿಲ್ಲ. ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಚಿಮ್ಮಿಸುತ್ತದೆ, ಗಾಳಿಗೆ ಒಂದೇ ಬಾಗಿಲು. ಆ ಬಾಗಿಲನ್ನು ಆಡಿಸುವುದು ಮಾತ್ರ ಇಂದಿಗೂ ಬೌಡನ್ನರ ತಂತಿಯೇ.

ಕೊನೆಯ ತಪಾಸಣೆ

ಬೈಕಿನ ಕ್ಲಚ್ ವೈರ್ ಹೆಚ್ಚಾಗಿ ತುಂಡಾಗುವುದು ನಡುವಿನಲ್ಲಲ್ಲ, ನಿಪ್ಪಲ್ ಎಂಬ ಸೀಸದ ಬಣ್ಣದ ಗುಂಡಿನ ಪಕ್ಕದಲ್ಲಿ. ಗುಂಡು ತನ್ನ ಗೂಡಿನಲ್ಲಿ ತಿರುಗದಿದ್ದರೆ ಪ್ರತಿ ಎಳೆತಕ್ಕೂ ತಂತಿ ಅದೇ ಒಂದು ಜಾಗದಲ್ಲಿ ಮಡಿಯುತ್ತದೆ. ವಿಮಾನದಲ್ಲೂ ಅದೇ ಕಥೆ. ತೋಳಿಗೆ ತಂತಿಯನ್ನು ಹಿಡಿಸುವ ತುಂಡು ಸಲೀಸಾಗಿ ತಿರುಗಬೇಕು, ಆದರೆ ಬಿಚ್ಚಿಕೊಳ್ಳಬಾರದು. ಆದ್ದರಿಂದ ನಟ್ಟಿಗೆ ಕಾಟರ್ ಪಿನ್ ಅಥವಾ ಸೇಫ್ಟಿ ವೈರ್.

ಆಮೇಲೆ ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಲಿವರನ್ನು ಕೊನೆಯವರೆಗೆ ದೂಡಿ ಎಳೆಯುತ್ತಾರೆ, ಇನ್ನೊಬ್ಬರು ಕಾರ್ಬ್ಯುರೇಟರಿನ ತೋಳನ್ನು ನೋಡುತ್ತಾರೆ. ಎರಡೂ ತುದಿಯಲ್ಲಿ ತೋಳು ತನ್ನ ತಡೆಯನ್ನು ಮೊದಲು ಮುಟ್ಟಬೇಕು, ಲಿವರಿಗೆ ಇನ್ನೂ ತುಸು ಜಾಗ ಉಳಿದಿರಬೇಕು. ಲಿವರ್ ಮೊದಲು ತಗುಲಿದರೆ ಪೂರ್ತಿ ಬಲ ಸಿಗುವುದೇ ಇಲ್ಲ, ಇಲ್ಲವೇ ಎಂಜಿನ್ ಐಡಲಿಗೆ ಇಳಿಯುವುದೇ ಇಲ್ಲ. ಇಗ್ನಿಷನ್ ಆರಿಸಿ, ಎಂಜಿನ್ನನ್ನೇ ಕೈಯಿಂದ ಅದರ ರಬ್ಬರಿನ ಮೇಲೆ ಅಲುಗಿಸಿದಾಗ ತೋಳು ಕದಲಬಾರದು.

ಮೊದಲ ಕೆಲವು ಹಾರಾಟಗಳ ನಂತರ ಇದನ್ನೆಲ್ಲ ಮತ್ತೊಮ್ಮೆ ಮಾಡಬೇಕು. ಹೊಸ ಕವಚದ ಸುರುಳಿಗಳು ಒತ್ತಡಕ್ಕೆ ಒಗ್ಗಿ, ತುದಿಗಳು ಕುಳಿಯಲ್ಲಿ ಇನ್ನಷ್ಟು ಕೂತು, ಕವಚ ಕೂದಲೆಳೆಯಷ್ಟು ಗಿಡ್ಡವಾಗುತ್ತದೆ. ಕವಚ ಗಿಡ್ಡವಾದರೆ ತಂತಿ ಸಡಿಲ. 582ರಲ್ಲಿ ಆ ಸಡಿಲದಿಂದ ಲಿವರ್ ಪೂರ್ತಿ ಮುಂದಿದ್ದರೂ ಕಾರ್ಬ್ಯುರೇಟರ್ ಪೂರ್ತಿ ತೆರೆಯುವುದಿಲ್ಲ, ಏರುವಾಗ ಬಲ ಸ್ವಲ್ಪ ಕಡಿಮೆ ಬೀಳುತ್ತದೆ. 912ರಲ್ಲಿ ಸ್ಪ್ರಿಂಗ್ ಆ ಸಡಿಲವನ್ನು ತೆರೆಯುವ ದಿಕ್ಕಿಗೆ ಎಳೆದುಕೊಳ್ಳುತ್ತದೆ. ಲಿವರ್ ಪೂರ್ತಿ ಹಿಂದಿದ್ದರೂ ಐಡಲ್ ಏರುತ್ತದೆ, ಇಳಿಯುವ ವಿಮಾನ ನೆಲ ಮುಟ್ಟಲು ಒಪ್ಪದೆ ದಾರಿಯುದ್ದಕ್ಕೂ ತೇಲುತ್ತದೆ. ಎರಡಕ್ಕೂ ಮದ್ದು ಒಂದೇ: ಅಡ್ಜಸ್ಟರನ್ನು ಅರ್ಧ ಸುತ್ತು ಹೊರಕ್ಕೆ ತಿರುಗಿಸಿ, ಲಾಕ್ ನಟ್ ಬಿಗಿದು, ಮಾಪಕವನ್ನು ಮತ್ತೆ ಜೋಡಿಸಿ ಎರಡೂ ಬದಿ ಸಮವಿದೆಯೇ ಎಂದು ನೋಡುವುದು.